ಗುಂಡಣ್ಣನ ತಟ್ಟೆ, ಗುಂಡಣ್ಣನ ಸೂಜಿ: ದಾವಣಗೆರೆಯ ಒಂದು ಮಧುಮೇಹಿ ಬೆಕ್ಕಿನ ಪ್ರಕರಣ

ಗುಂಡಣ್ಣ ಬೂದು ಪಟ್ಟೆಯ ನಾಡತಳಿಯ ಗಂಡು ಬೆಕ್ಕು. ವಯಸ್ಸು ಒಂಬತ್ತು. ಚಿಕ್ಕಂದಿನಲ್ಲಿಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಮನೆ ದಾವಣಗೆರೆಯ ವಿನೋಬನಗರದಲ್ಲಿ. ಹಿಂದಿನ ವರ್ಷ ಲಸಿಕೆಗೆಂದು ಕರೆತಂದಾಗ 6.8 ಕಿಲೊ ತೂಗುತ್ತಿದ್ದವನು ಫೆಬ್ರುವರಿ ಕೊನೆಯಲ್ಲಿ ನನ್ನ ಚಿಕಿತ್ಸಾಲಯದ ಮೇಜಿನ ಮೇಲೆ 5.6 ಕಿಲೊಗೆ ಇಳಿದಿದ್ದ. ತೂಕ ಇಳಿದದ್ದು ಮನೆಯವರಿಗೆ ಚಿಂತೆಯ ವಿಷಯವಾಗಿರಲಿಲ್ಲ, ಬೊಜ್ಜು ಕರಗಿತಲ್ಲ ಎಂಬ ಸಮಾಧಾನವೇ ಇತ್ತು. ಅವರನ್ನು ಕಾಡಿದ್ದು ಮೂತ್ರ. ಹಿತ್ತಿಲ ಬಾಗಿಲ ಬಳಿಯ ಮರಳಿನ ತಟ್ಟೆಯನ್ನು ಎಷ್ಟು ಸಲ ಬದಲಿಸಿದರೂ ಒದ್ದೆ, ಅದರ ಸುತ್ತ ಇರುವೆಗಳ ಸಾಲು. ಆ ಇರುವೆಗಳನ್ನು ಮೊದಲು ಗಮನಿಸಿದವರು ಮನೆಯ ಹಿರಿಯರು. ಹತ್ತಿಯ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಬಹಳ ವರ್ಷಗಳಿಂದ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವವರು. "ಇವನಿಗೂ ನನ್ನದೇ ಕಾಯಿಲೆ ಬಂದಿದೆ ಡಾಕ್ಟರೇ, ನೋಡಿ ಬೇಕಾದರೆ" ಎಂದು ನಾನು ಬೆಕ್ಕನ್ನು ಮುಟ್ಟುವ ಮೊದಲೇ ಅವರು ಹೇಳಿದರು.

ಎರಡನೆಯ ಸುಳಿವು ನಡಿಗೆಯಲ್ಲಿತ್ತು. ಬೆಕ್ಕು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ಗುಂಡಣ್ಣ ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ, ಕುಕ್ಕರುಗಾಲಿನಲ್ಲಿ ಎಂಬಂತೆ ಹೆಜ್ಜೆ ಹಾಕುತ್ತಿದ್ದ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಹಿಂಗಾಲಿನ ನರಗಳು ಸೊರಗುತ್ತವೆ, ಆಗ ಬೆಕ್ಕಿನ ನಡಿಗೆ ಹೀಗಾಗುತ್ತದೆ. ಕಟ್ಟೆ ಹತ್ತಲಾರದ್ದನ್ನು ಮನೆಯವರು ವಯಸ್ಸಿನ ಲೆಕ್ಕಕ್ಕೆ ಸೇರಿಸಿದ್ದರು. ಒಂಬತ್ತು ವರ್ಷ ಬೆಕ್ಕಿಗೆ ಅಂಥ ಮುಪ್ಪೇನೂ ಅಲ್ಲ.

ರಕ್ತ ಪರೀಕ್ಷೆಯಲ್ಲಿ ಗ್ಲುಕೋಸ್ ಡೆಸಿಲೀಟರ್‌ಗೆ 412 ಮಿಲಿಗ್ರಾಂ ಇತ್ತು. ಇಷ್ಟಕ್ಕೇ ಮಧುಮೇಹ ಎಂದು ಬರೆದುಬಿಡುವಂತಿಲ್ಲ. ಬುಟ್ಟಿಯಲ್ಲಿ ತುಂಬಿಸಿ, ಆಟೋದಲ್ಲಿ ಕೂರಿಸಿ, ನಾಯಿಗಳ ನಡುವೆ ಕಾಯಿಸಿ ತಂದ ಬೆಕ್ಕಿನ ಸಕ್ಕರೆ ಬರಿಯ ಗಾಬರಿಯಿಂದಲೇ 300 ದಾಟುವುದುಂಟು. ಅದಕ್ಕಾಗಿ ಎರಡು ಕೆಲಸ ಮಾಡಿದೆವು. ಒಂದು, ಮನೆಯಲ್ಲೇ ಹಿಡಿದ ಮೂತ್ರವನ್ನು ತರಿಸಿ ನೋಡಿದೆವು. ಸಕ್ಕರೆ ಧಾರಾಳವಾಗಿತ್ತು, ಮೈ ಸಕ್ಕರೆಯ ಬದಲು ಕೊಬ್ಬನ್ನು ಉರಿಸುವಾಗ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ವಸ್ತು ಇರಲಿಲ್ಲ. ಇನ್ನೊಂದು, ಫ್ರಕ್ಟೋಸಮೈನ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಹಿಂದಿನ ಎರಡು ಮೂರು ವಾರಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಪರೀಕ್ಷೆ ಅದು, ಒಂದು ದಿನದ ಗಾಬರಿ ಅದರ ಮೇಲೆ ಪರಿಣಾಮ ಬೀರುವುದಿಲ್ಲ. ಅದೂ ಏರಿಯೇ ಬಂತು. ಮನೆಯಲ್ಲಿ ನೀರಿನ ಬಟ್ಟಲನ್ನು ಅಳೆದು ಇಡಲು ಹೇಳಿದ್ದೆ. ಒಂದು ದಿನಕ್ಕೆ 450 ಮಿಲಿಲೀಟರ್ ಖಾಲಿಯಾಗಿತ್ತು. ಈ ತೂಕದ ಬೆಕ್ಕು 280 ಮಿಲಿಲೀಟರ್ ದಾಟಿ ಕುಡಿದರೇ ಅದು ಮಿತಿಮೀರಿದ ಬಾಯಾರಿಕೆ.

ಹಸಿವು ಚೆನ್ನಾಗಿತ್ತು, ವಾಂತಿ ಇರಲಿಲ್ಲ, ಕೀಟೋನ್ ಇರಲಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಇರಿಸಿಕೊಳ್ಳದೆ ಮನೆಯಲ್ಲೇ ನಿಭಾಯಿಸಬಹುದು ಎಂದು ನಿರ್ಧರಿಸಿದೆವು.

ತಟ್ಟೆಯ ವಿಚಾರ

ಇಂಥ ಪ್ರಕರಣದಲ್ಲಿ ಎಲ್ಲರ ಕಣ್ಣು ಸೂಜಿಯ ಮೇಲೆ. ನನ್ನ ಕಣ್ಣು ಮೊದಲು ಹೋಗುವುದು ತಟ್ಟೆಯ ಮೇಲೆ. ಬೆಕ್ಕು ಏನು ತಿನ್ನುತ್ತದೆ ಎಂಬುದು ತಿಳಿಯದೆ ಬರೆದ ಇನ್ಸುಲಿನ್ ಪ್ರಮಾಣವನ್ನು ನಾನು ನಂಬುವುದಿಲ್ಲ. ಮುಂದೆ ನಡೆದದ್ದೆಲ್ಲ ಈ ಮಾತಿನ ಸುತ್ತಲೇ ನಡೆಯಿತು.

ಗುಂಡಣ್ಣನ ದಿನಚರಿ ಹೀಗಿತ್ತು: ಬೆಳಿಗ್ಗೆ ಹಾಲನ್ನ, ಹಗಲಿಡೀ ಬಟ್ಟಲಲ್ಲಿ ಪೊಟ್ಟಣದಲ್ಲಿ ಬರುವ ಬೆಕ್ಕಿನ ಆಹಾರದ ಒಣ ಕಾಳು, ರಾತ್ರಿ ಮೊಸರನ್ನ. ಲಿಂಗಾಯತರ ಮನೆ, ಒಲೆಯ ಹತ್ತಿರ ಮಾಂಸ ಬರುವ ಮಾತೇ ಇಲ್ಲ. ಬೆಕ್ಕಾದರೋ ಮಾಂಸವನ್ನೇ ನೆಚ್ಚಿ ರೂಪುಗೊಂಡ ಪ್ರಾಣಿ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ. ಊಟದ ನಂತರ ಒಮ್ಮೆಲೇ ನುಗ್ಗುವ ಸಕ್ಕರೆಯನ್ನು ಹಿಡಿದಿಡಲು ಮನುಷ್ಯರ ಯಕೃತ್ತಿನಲ್ಲಿರುವ ಏರ್ಪಾಡು ಬೆಕ್ಕಿನಲ್ಲಿ ತೀರ ದುರ್ಬಲ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಟಾರಿನ್ ಇಲ್ಲದ ಬೆಕ್ಕಿಗೆ ಕಣ್ಣಿನ ಅಕ್ಷಿಪಟಲವೂ ಹೃದಯದ ಸ್ನಾಯುವೂ ಕೆಡುತ್ತವೆ. ಗುಂಡಣ್ಣನನ್ನು ಅಷ್ಟು ದಿನ ಉಳಿಸಿದ್ದು ಒಣ ಕಾಳಿಗೆ ಬೆರೆಸಿದ ಟಾರಿನ್, ಜೊತೆಗೆ ಹಿತ್ತಿಲಿನ ಇಲಿಗಳು.

ಒಣ ಕಾಳಿನಲ್ಲಿ ಪಿಷ್ಟ ಎಷ್ಟೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಲೆಕ್ಕ ನಾವೇ ಮಾಡಿಕೊಳ್ಳಬೇಕು, ಅದು ಕಷ್ಟವೂ ಅಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಅಂದರೆ ಖನಿಜಾಂಶ) ಇವುಗಳ ಶೇಕಡಾವಾರನ್ನು ಕೂಡಿ 100ರಿಂದ ಕಳೆದರೆ ಉಳಿದದ್ದು ಪಿಷ್ಟ. ಬೂದಿಯ ಪ್ರಮಾಣ ನಮೂದಿಸಿರದಿದ್ದರೆ ಒಣ ತಿನಿಸಿಗೆ 8 ಎಂದು ಇಟ್ಟುಕೊಳ್ಳಬಹುದು. ಆ ಮನೆಯ ಪೊಟ್ಟಣದಲ್ಲಿ ಪ್ರೋಟೀನ್ 30, ಕೊಬ್ಬು 10, ನಾರು 4, ತೇವಾಂಶ 10 ಇತ್ತು. ಬೂದಿ 8 ಸೇರಿಸಿದರೆ ಪಿಷ್ಟಕ್ಕೆ ಉಳಿಯುವುದು 38. ಗ್ರಾಮಿಗೆ ಪ್ರೋಟೀನ್ ಮತ್ತು ಪಿಷ್ಟ 3.5 ಕ್ಯಾಲರಿ, ಕೊಬ್ಬು 8.5 ಕ್ಯಾಲರಿ ಎಂದು ಹಿಡಿದರೆ 100 ಗ್ರಾಮಿನ 323 ಕ್ಯಾಲರಿಯಲ್ಲಿ 133 ಪಿಷ್ಟದ್ದೇ, ಅಂದರೆ ಶೇ 41. ಮಧುಮೇಹಿ ಬೆಕ್ಕಿಗೆ ನಾವು ಬಯಸುವುದು ಶೇ 12ಕ್ಕಿಂತ ಕಡಿಮೆ. ಅದೇ ಅಂಗಡಿಯ ಒದ್ದೆ ಆಹಾರದ ಪೌಚ್ ಒಂದರಲ್ಲಿ ಪ್ರೋಟೀನ್ 11, ಕೊಬ್ಬು 3, ನಾರು 1, ತೇವಾಂಶ 81, ಬೂದಿ 2 ಇತ್ತು. ಉಳಿಯುವ ಪಿಷ್ಟ 2, ಕ್ಯಾಲರಿಯ ಲೆಕ್ಕದಲ್ಲಿ ಶೇ 10. ಎಲ್ಲ ಪೌಚ್‌ಗಳೂ ಹೀಗಿರುವುದಿಲ್ಲ. ಗ್ರೇವಿಗೆ ಹಿಟ್ಟು ಬೆರೆಸಿದವೂ ಇರುತ್ತವೆ, ಪ್ರತಿಯೊಂದನ್ನೂ ಲೆಕ್ಕ ಹಾಕಿಯೇ ಕೊಳ್ಳಬೇಕು. ಈ ಮನೆಯ ಸೊಸೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಲೆಕ್ಕವನ್ನು ಒಂದು ಸಲ ತೋರಿಸಿದ್ದೇ, ಮರುದಿನ ನಾಲ್ಕು ಕಂಪನಿಗಳ ಪೌಚ್‌ಗಳನ್ನು ಹೋಲಿಸಿದ ಪಟ್ಟಿಯನ್ನು ಮೊಬೈಲ್‌ಗೆ ಕಳುಹಿಸಿದರು.

ಕಷ್ಟವಾದದ್ದು ಅಜ್ಜಿಯವರಿಗೆ. ಕೋಳಿ, ಮೀನು ಎಂದು ಅಚ್ಚಾದ ಪೌಚ್ ಮನೆಯ ಹೊಸಿಲು ದಾಟುವುದು ಅವರಿಗೆ ಸಣ್ಣ ಸಂಗತಿಯಲ್ಲ. ಅವರ ಸಂಕಟವನ್ನು ಅಜ್ಞಾನವೆಂದು ತಳ್ಳಿಹಾಕುವ ವೈದ್ಯರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಜೀವಕ್ಕೆ ನೋವಾಗಬಾರದು ಎಂದು ಬದುಕಿದ ಹಿರಿಯರ ಮುಂದೆ ಇನ್ನೊಂದು ಜೀವದ ಅಗತ್ಯವನ್ನು ಇಡುವಾಗ ಮಾತು ಮೆತ್ತಗಿರಬೇಕು. ನಾನು ಹೇಳಿದ್ದು ಇಷ್ಟೇ: "ಅಮ್ಮಾ, ಹಾಲನ್ನ ಹಾಕಿದಷ್ಟು ದಿನ ಸೂಜಿಯ ಪ್ರಮಾಣ ಏರುತ್ತಲೇ ಹೋಗುತ್ತದೆ." ಅವರು ಎರಡು ದಿನ ಮಾತನಾಡಲಿಲ್ಲವಂತೆ. ಮೂರನೆಯ ದಿನ ಹಿತ್ತಿಲ ಕಟ್ಟೆಯ ಮೇಲೆ ಒಂದು ತಟ್ಟೆ, ಒಂದು ಚಮಚ, ಒಂದು ಮುಚ್ಚಳದ ಡಬ್ಬಿ ಬೇರೆ ಇಟ್ಟು, "ಇದು ಅವನ ಅಡುಗೆಮನೆ, ಒಳಗೆ ತರಬೇಡಿ" ಎಂದರಂತೆ. ಆ ಏರ್ಪಾಡು ಇಂದಿಗೂ ನಡೆಯುತ್ತಿದೆ.

ಖರ್ಚಿನ ಬಗ್ಗೆಯೂ ಹೇಳಬೇಕು. 80 ಗ್ರಾಮಿನ ಇಂಥ ಪೌಚ್‌ನಲ್ಲಿ ಸುಮಾರು 57 ಕ್ಯಾಲರಿ. ಗುಂಡಣ್ಣನಿಗೆ ದಿನಕ್ಕೆ 230 ಕ್ಯಾಲರಿ ಬೇಕು, ಅಂದರೆ ನಾಲ್ಕು ಪೌಚ್. ತಿಂಗಳ ಲೆಕ್ಕ ತೆಗೆದರೆ ಇನ್ಸುಲಿನ್‌ಗಿಂತ ಊಟವೇ ದುಬಾರಿ. ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ತಿಂಗಳಿಗೆ ಮನೆಯವರು ಮೌನವಾಗಿ ಒಣ ಕಾಳಿಗೆ ಮರಳುತ್ತಾರೆ, ಸೂಜಿ ಮಾತ್ರ ಹಳೆಯ ಪ್ರಮಾಣದಲ್ಲೇ ಮುಂದುವರಿಯುತ್ತದೆ. ಬೇಯಿಸಿದ ಕೋಳಿಯನ್ನಷ್ಟೇ ಹಾಕಿ ಹಣ ಉಳಿಸುತ್ತೇವೆ ಎನ್ನುವವರಿಗೂ ಒಂದು ಮಾತು: ಬರಿಯ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲ, ಅದು ಪೂರ್ಣ ಆಹಾರವಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರಂತೂ ಬೆಕ್ಕಿನ ರಕ್ತಕಣಗಳೇ ಒಡೆಯುತ್ತವೆ.

ಸೂಜಿಯ ವಿಚಾರ

ಆರಿಸಿದ್ದು ಗ್ಲಾರ್ಜಿನ್ ಇನ್ಸುಲಿನ್. ಮನುಷ್ಯರಿಗಾಗಿ ತಯಾರಾದದ್ದು, ಮಿಲಿಲೀಟರ್‌ಗೆ 100 ಯೂನಿಟ್ ಇರುವಂಥದ್ದು. ಬೆಕ್ಕಿನ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ, ಹನ್ನೆರಡು ಗಂಟೆಗೊಮ್ಮೆ ಕೊಡಬೇಕು. ತೂಕದ ಲೆಕ್ಕದಲ್ಲಿ ಕಿಲೊಗೆ ಕಾಲು ಯೂನಿಟ್ ಎಂದರೂ 1.4 ಯೂನಿಟ್ ಬರುತ್ತಿತ್ತು. ಊಟವೂ ಅದೇ ವಾರ ಬದಲಾಗುವುದಿದ್ದುದರಿಂದ ಒಂದೇ ಯೂನಿಟ್‌ನಿಂದ ಆರಂಭಿಸಿದೆವು. ಇದು ಗುಂಡಣ್ಣನಿಗೆ ಹೊಂದಿಸಿದ ಪ್ರಮಾಣ. ಇನ್ನೊಂದು ಬೆಕ್ಕಿಗೆ ಅದರ ವೈದ್ಯರೇ ಬೇರೆ ನಿಗದಿ ಮಾಡಬೇಕು.

ಮಗ ಕೇಳಿದ್ದು ಮಾತ್ರೆಯ ಬಗ್ಗೆ. ಅಪ್ಪ ನುಂಗುವ ಮೆಟ್‌ಫಾರ್ಮಿನ್ ಬೆಕ್ಕಿಗೆ ಉಪಯೋಗವಿಲ್ಲ. ಬೆಕ್ಕುಗಳಿಗೆಂದೇ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿಯೂ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಆದರೆ ಅವು ಅದುವರೆಗೆ ಇನ್ಸುಲಿನ್ ಪಡೆಯದ, ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ಬೆಕ್ಕುಗಳಿಗೆ. ಸಕ್ಕರೆ ಹೆಚ್ಚಿಲ್ಲದಿರುವಾಗಲೂ ಕೀಟೋನ್ ಏರಿ ಜೀವಕ್ಕೆ ಕುತ್ತಾಗುವ ಅಪಾಯ ಅವುಗಳಲ್ಲಿದೆ. ಕಣ್ಮುಂದೆ ನೋಡುತ್ತ ಪ್ರಮಾಣ ತಿದ್ದಬಹುದಾದ ಇನ್ಸುಲಿನ್ನೇ ಇಲ್ಲಿ ಸರಿ ಎನಿಸಿತು.

ಚುಚ್ಚುವುದನ್ನು ಕಲಿಸುವುದಕ್ಕೆ ಜನ ಹೆದರುವಷ್ಟು ಹೊತ್ತು ಹಿಡಿಯುವುದಿಲ್ಲ. ಬಾಟಲಿಯನ್ನು ಕುಲುಕಬಾರದು. ಬೆಕ್ಕು ಊಟಕ್ಕೆ ಬಾಯಿ ಹಾಕಿದ್ದನ್ನು ಕಣ್ಣಾರೆ ನೋಡಬೇಕು, ಅದು ತಿನ್ನುತ್ತಿರುವಾಗಲೇ ಪಕ್ಕೆಯ ಚರ್ಮವನ್ನು ಮೆಲ್ಲನೆ ಎತ್ತಿ, ಆ ಮಡಿಕೆಯೊಳಗೆ ಸೂಜಿ ಇಳಿಸಬೇಕು. ಕುತ್ತಿಗೆಯ ಹಿಂಭಾಗಕ್ಕಿಂತ ಪಕ್ಕೆ ಮೇಲು, ಅಲ್ಲಿ ರಕ್ತಸಂಚಾರ ಹೆಚ್ಚು. ದಿನವೂ ಜಾಗ ಬದಲಿಸಬೇಕು. ಬೆಕ್ಕು ಊಟ ಬಿಟ್ಟರೆ ಸೂಜಿ ಹಾಕುವ ಮುನ್ನ ನನಗೆ ಫೋನ್ ಮಾಡಬೇಕು. ಸೂಜಿ ಮರೆತರೆ ಮುಂದಿನ ಸಲ ಎರಡು ಪಾಲು ಕೊಡಬಾರದು. ಔಷಧ ಒಳಗೆ ಹೋಯಿತೋ ರೋಮದ ಮೇಲೆ ಚೆಲ್ಲಿತೋ ಎಂಬ ಅನುಮಾನ ಬಂದರೂ ಮತ್ತೆ ಚುಚ್ಚಬಾರದು. ಒಂದು ಹೊತ್ತು ಸಕ್ಕರೆ ಹೆಚ್ಚಿದರೆ ಬೆಕ್ಕು ಸಾಯುವುದಿಲ್ಲ, ಎರಡು ಪಾಲು ಇನ್ಸುಲಿನ್‌ನಿಂದ ಸಾಯಬಹುದು.

ದಾವಣಗೆರೆಯ ಬೇಸಗೆಯಲ್ಲಿ ಬಾಟಲಿಯನ್ನು ಕಾಪಾಡುವುದೂ ಒಂದು ಕೆಲಸ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ, ಮಂಜುಗಡ್ಡೆಯ ಖಾನೆಯಿಂದ ದೂರ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೀರಿನಂತೆಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕರೆಂಟ್ ಬಹಳ ಹೊತ್ತು ಹೋದ ದಿನ ಹಿರಿಯರು ತಮ್ಮ ಹಳೆಯ ಕ್ರಮವನ್ನೇ ಬಳಸಿದರು: ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿ. ಒಳ್ಳೆಯ ಕ್ರಮ ಅದು, ನಾನು ಬೇರೆಯವರಿಗೂ ಹೇಳುತ್ತಿದ್ದೇನೆ.

ಹನ್ನೊಂದು ಗಂಟೆಯ ಏರಿಕೆ

ಮೊದಲ ವಾರದ ನಂತರ ಮನೆಯಲ್ಲೇ ಕಿವಿಯ ಅಂಚಿನ ರಕ್ತನಾಳದಿಂದ ಹನಿ ರಕ್ತ ತೆಗೆದು ನೋಡಿದಾಗ ಸಕ್ಕರೆ 350ರ ಸುತ್ತಲೇ ಇತ್ತು. ಪ್ರಮಾಣ ಒಂದೂವರೆಯಾಯಿತು, ಆಮೇಲೆ ಎರಡು ಯೂನಿಟ್ ಆಯಿತು. ನೀರು ಕುಡಿಯುವುದು ಸ್ವಲ್ಪ ತಗ್ಗಿತು, ಸಕ್ಕರೆ ತಗ್ಗಲಿಲ್ಲ. ಪುಸ್ತಕದ ಪ್ರಕಾರ ಇನ್ನೂ ಅರ್ಧ ಏರಿಸುವ ಹಂತ ಅದು. ಮಗನೂ ಅದನ್ನೇ ಕೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಶೇ 41 ಪಿಷ್ಟದಿಂದ ಶೇ 10ಕ್ಕೆ ಇಳಿದ ಬೆಕ್ಕು ಇನ್ಸುಲಿನ್‌ಗೆ ಇಷ್ಟು ಹಟ ಮಾಡುವುದು ವಿಚಿತ್ರವೆನಿಸಿತು. ಬಾಯಿ, ಮೂತ್ರ, ಥೈರಾಯ್ಡ್ ಎಲ್ಲ ನೋಡಿದೆವು, ಸೋಂಕಿನ ಕುರುಹು ಆಗ ಇರಲಿಲ್ಲ. ತುರಿಕೆಗೆಂದು ಕೊಡುವ ದೀರ್ಘಾವಧಿಯ ಸ್ಟೀರಾಯ್ಡ್ ಚುಚ್ಚುಮದ್ದು ಬೆಕ್ಕುಗಳಲ್ಲಿ ಮಧುಮೇಹ ತರುತ್ತದೆ, ಅಂಥದ್ದೂ ಆಗಿರಲಿಲ್ಲ.

ಆಗ ಸಕ್ಕರೆಯನ್ನು ಸತತವಾಗಿ ಅಳೆಯುವ ಸೆನ್ಸರ್ ಅಂಟಿಸಿದೆವು. ಮನುಷ್ಯರು ತೋಳಿಗೆ ಹಾಕಿಕೊಳ್ಳುವ ಅದೇ ಬಿಲ್ಲೆ. ಭುಜದ ಬಳಿ ರೋಮ ಬೋಳಿಸಿ ಅಂಟಿಸಿದರೆ ಬೀಳದೆ ಇದ್ದಲ್ಲಿ ಹದಿನಾಲ್ಕು ದಿನ ಕೆಲಸ ಮಾಡುತ್ತದೆ. ಮೇಲೆ ಮೊಮ್ಮಗನ ಹಳೆಯ ಕಾಲುಚೀಲವನ್ನು ಕತ್ತರಿಸಿ ಅಂಗಿಯಂತೆ ತೊಡಿಸಿದರು. ಮೊಬೈಲ್ ಹತ್ತಿರ ಹಿಡಿದರೆ ಕಳೆದ ಎಂಟು ಗಂಟೆಗಳ ಏರಿಳಿತ ಗೆರೆಯಾಗಿ ಕಾಣುತ್ತದೆ. ಕಿವಿ ಚುಚ್ಚಿ ಪಡೆಯುವ ಒಂದೊಂದು ಸಂಖ್ಯೆ ಆ ಕ್ಷಣದ್ದು ಮಾತ್ರ. ಗೆರೆಯಾದರೆ ಇಡೀ ದಿನದ ನಡೆಯನ್ನು ತೋರಿಸುತ್ತದೆ.

ಬೆಳಿಗ್ಗೆ ಏಳಕ್ಕೆ ಸೂಜಿ. ಒಂಬತ್ತರಿಂದ ಗೆರೆ ಇಳಿಯಲು ತೊಡಗುತ್ತಿತ್ತು, ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದು ತಳ ಮುಟ್ಟಬೇಕಿತ್ತು. ಆದರೆ ಹನ್ನೊಂದರ ನಂತರ ಮೇಲಕ್ಕೆ ತಿರುಗಿ ಒಂದು ಗಂಟೆಗೆ 380 ಮುಟ್ಟುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಹೀಗೆ. ಭಾನುವಾರ ಮಾತ್ರ ಆ ಗುಡ್ಡ ಇರಲಿಲ್ಲ, ಗೆರೆ 160ಕ್ಕೆ ಇಳಿದು ಅಲ್ಲೇ ಇತ್ತು. ಗೆರೆಯನ್ನು ನೋಡಿದ ಕೂಡಲೇ ಅದು ಕಾಯಿಲೆಯ ನಡೆಯಲ್ಲ, ಮನೆಯ ನಡೆ ಎಂದು ತಿಳಿಯಿತು. ಸೊಸೆ ಶಾಲೆಗೆ ಹೋಗದ ದಿನ ಭಾನುವಾರ.

ಅವರು ಮಾವನವರ ಮುಂದೆ ಮೊಬೈಲ್ ಇಟ್ಟು ಕೇಳಿದರಂತೆ: "ಮಾವ, ಹನ್ನೊಂದು ಗಂಟೆಗೆ ಇವನಿಗೆ ಏನಾದರೂ ಕೊಡುತ್ತೀರಾ?" ಹಿರಿಯರು ಮುಚ್ಚಿಡಲಿಲ್ಲ. ಹನ್ನೊಂದಕ್ಕೆ ಅವರ ಚಹಾ, ಮಂಡಕ್ಕಿಯ ಹೊತ್ತು. ಆಗ ಗುಂಡಣ್ಣ ಕಾಲಿಗೆ ಸುತ್ತಿಕೊಂಡು ಅರಚುತ್ತಿದ್ದ. ಒಂದು ಬಟ್ಟಲು ಹಾಲಿಗೆ ಒಂದು ಹಿಡಿ ಮಂಡಕ್ಕಿ ನೆನೆಸಿ ಇಡುತ್ತಿದ್ದರು. "ಸಕ್ಕರೆ ಕಾಯಿಲೆಯ ಹಸಿವು ಎಂಥದ್ದು ಎಂದು ನನಗೆ ಗೊತ್ತು ತಾಯಿ. ಹೊಟ್ಟೆ ತುಂಬಿದ್ದರೂ ಹಸಿಯುತ್ತದೆ. ಅವನು ಬಾಯಿ ಬಿಟ್ಟು ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ" ಎಂದರಂತೆ.

ಅವರು ಹೇಳಿದ್ದು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ನಿಜ. ಇನ್ಸುಲಿನ್ ಇಲ್ಲದೆ ಸಕ್ಕರೆ ಜೀವಕೋಶಗಳಿಗೆ ದಕ್ಕುವುದಿಲ್ಲ, ಮೈ ಹಸಿದೇ ಇರುತ್ತದೆ. ಆದರೆ ಮಂಡಕ್ಕಿಯ ಲೆಕ್ಕ ನೋಡಿ: 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಹಾಲುಸಕ್ಕರೆ, 15 ಗ್ರಾಂ ಮಂಡಕ್ಕಿಯಲ್ಲಿ 13 ಗ್ರಾಂ ಪಿಷ್ಟ. ಒಟ್ಟು 18 ಗ್ರಾಂ, ಅಂದರೆ 60 ಕ್ಯಾಲರಿಯ ಮೇಲೆ. ಇಡೀ ದಿನದ ಊಟದ ಕಾಲುಭಾಗಕ್ಕೂ ಹೆಚ್ಚು ಶಕ್ತಿ ಅರಳಿಸಿದ ಅಕ್ಕಿಯಿಂದಲೂ ಹಾಲಿನಿಂದಲೂ ಬರುತ್ತಿತ್ತು, ಅದೂ ಒಂದೇ ಸಲಕ್ಕೆ.

ಬೇಡ ಎಂದು ತಡೆದಿದ್ದರೆ ಆ ತಡೆ ನಾಲ್ಕೇ ದಿನ ನಡೆಯುತ್ತಿತ್ತು. ಬದಲಿಗೆ ಆ ಹೊತ್ತನ್ನು ಹಿರಿಯರಿಗೇ ವಹಿಸಿದೆವು. ನಾಲ್ಕು ಪೌಚ್‌ಗಳಲ್ಲಿ ಅರ್ಧ ಪೌಚ್ ಹನ್ನೊಂದು ಗಂಟೆಗೆಂದು ಮೀಸಲು, ಅದನ್ನು ಹಾಕುವ ಅಧಿಕಾರ ಅವರದ್ದು. ಗ್ಲಾರ್ಜಿನ್ ಪಡೆಯುವ ಬೆಕ್ಕು ಎರಡೇ ಹೊತ್ತು ಉಣ್ಣಬೇಕೆಂಬ ಕಟ್ಟು ಇಲ್ಲ, ಪಿಷ್ಟ ಕಡಿಮೆಯಿದ್ದರೆ ಚಿಕ್ಕ ಚಿಕ್ಕ ಊಟ ಒಳ್ಳೆಯದೇ. ಅಜ್ಜಿಯವರ ಹಿತ್ತಿಲ ಕಟ್ಟೆಗೆ ಹೋಗಿ, ಬೇರೆ ಚಮಚದಿಂದ ಹಾಕಿ, ಕೈ ತೊಳೆದು ಬಂದು ಅವರು ತಮ್ಮ ಚಹಾ ಕುಡಿಯತೊಡಗಿದರು.

ಮಂಡಕ್ಕಿ ನಿಂತ ದಿನವೇ ಎರಡು ಯೂನಿಟ್‌ನಿಂದ ಒಂದಕ್ಕೆ ಇಳಿಸಿದೆ. ಇದು ಬಹಳ ಮುಖ್ಯ. ಪಿಷ್ಟ ತೆಗೆದು ಇನ್ಸುಲಿನ್ ಹಾಗೆಯೇ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಮುಂದಿನ ವಾರ ಗೆರೆ 110ರಿಂದ 240ರ ನಡುವೆ ಓಡಾಡಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ನೀರಿನ ಬಟ್ಟಲು 200 ಮಿಲಿಲೀಟರ್‌ಗೆ ಬಂದಿತ್ತು, ಇರುವೆಗಳು ಬರುವುದು ನಿಂತಿತ್ತು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಈ ಭಾಗವನ್ನು ಬೆಕ್ಕು ಸಾಕದವರೂ ಓದಬೇಕೆಂದು ನನ್ನ ಆಸೆ, ಏಕೆಂದರೆ ಇದು ಮನುಷ್ಯರಿಗೂ ಆಗುವ ಅಪಾಯ.

ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಜೊತೆಜೊತೆಗೇ ಮಾರಾಟವಾಗುತ್ತವೆ. ಮಿಲಿಲೀಟರ್‌ಗೆ 40 ಯೂನಿಟ್ ಇರುವ ಬಾಟಲಿ ಒಂದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ ಇರುವುದು ಇನ್ನೊಂದು, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಸಿರಿಂಜ್‌ನ ಗೆರೆಗಳು ಆಯಾ ಬಾಟಲಿಗೆ ಹೊಂದಿಸಿದವು. ಹಿರಿಯರದ್ದು 40ರ ಇನ್ಸುಲಿನ್, ಗುಂಡಣ್ಣನದ್ದು 100ರದ್ದು. ಎರಡೂ ಒಂದೇ ಫ್ರಿಜ್‌ನ ಬಾಗಿಲಿನಲ್ಲಿದ್ದವು.

ಮೇ ತಿಂಗಳಲ್ಲಿ ಸೊಸೆ ಜಗಳೂರಿಗೆ ಮದುವೆಗೆ ಹೋದರು. ಸೂಜಿಯ ಹೊಣೆ ಮಗನದ್ದಾಯಿತು. ಕಿತ್ತಳೆ ಮುಚ್ಚಳದವು ಮುಗಿದಿದ್ದವು, ಅವರು ಔಷಧದ ಅಂಗಡಿಗೆ ಹೋಗಿ ಇನ್ಸುಲಿನ್ ಸಿರಿಂಜ್ ಕೇಳಿದರು. ಯಾವ ಬಾಟಲಿಗೆ ಎಂದು ಅಂಗಡಿಯವರು ಕೇಳಲಿಲ್ಲ, ಕೆಂಪು ಮುಚ್ಚಳದ್ದನ್ನು ಕೊಟ್ಟರು. ಮನೆಯಲ್ಲಿ ಅಪ್ಪನ ಹತ್ತಿರ ಇರುವುದೂ ಅಂಥದ್ದೇ ಆದ್ದರಿಂದ ಇವರಿಗೆ ಅನುಮಾನ ಬರಲಿಲ್ಲ. ಒಂದು ಯೂನಿಟ್ ಎಂದು ಒಂದನೆಯ ಗೆರೆಯವರೆಗೆ ಎಳೆದರು. ಆ ಗೆರೆ ಎಂದರೆ 0.025 ಮಿಲಿಲೀಟರ್. 100ರ ಬಾಟಲಿಯಿಂದ ಅಷ್ಟು ಎಳೆದರೆ ಎರಡೂವರೆ ಯೂನಿಟ್. ಓದಿದವರು, ಎಚ್ಚರದಿಂದ ಇರುವವರು, ಹೇಳಿದಂತೆಯೇ ಮಾಡಿದರು. ಆದರೂ ಬೆಕ್ಕಿಗೆ ಹೋದದ್ದು ಎರಡೂವರೆ ಪಟ್ಟು.

ಹನ್ನೊಂದು ಗಂಟೆಗೆ ಹಿರಿಯರು ಪೌಚ್ ಹಿಡಿದು ಕರೆದಾಗ ಗುಂಡಣ್ಣ ಬರಲಿಲ್ಲ. ಮಂಚದ ಕೆಳಗಿದ್ದ. ಎಳೆದು ನಿಲ್ಲಿಸಿದರೆ ತೂರಾಡಿ ಬಿದ್ದ. ಕಣ್ಣಿನ ಪಾಪೆ ಹಿಗ್ಗಿತ್ತು, ಮೀಸೆಯ ಬಳಿ ಸೆಳೆತವಿತ್ತು. ಮೊಮ್ಮಗ ಕಿವಿ ಚುಚ್ಚಿ ನೋಡಿದಾಗ 38 ಬಂತು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ತುಸು ಕಡಿಮೆಯೇ ತೋರಿಸುತ್ತದೆ. ಆದರೆ ಲಕ್ಷಣ ಕಾಣುತ್ತಿರುವಾಗ ಅದನ್ನೆಲ್ಲ ಲೆಕ್ಕ ಹಾಕುತ್ತ ಕೂರಬಾರದು. ಅಜ್ಜಿಯವರು ಜೇನುತುಪ್ಪವನ್ನು ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಉಜ್ಜಿದರು. ಮೊದಲ ದಿನವೇ ನಾನು ಹೇಳಿಕೊಟ್ಟಿದ್ದೆ: ಗಂಟಲಿಗೆ ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ, ಒಸಡಿಗೆ ಉಜ್ಜಿ, ಸೆಳೆತ ಜೋರಾಗಿದ್ದರೆ ಹಲ್ಲುಗಳ ನಡುವೆ ಬೆರಳು ಇಡಬೇಡಿ. ಅದನ್ನು ಅಕ್ಷರಶಃ ನೆನಪಿಟ್ಟುಕೊಂಡಿದ್ದರು. ಹತ್ತು ನಿಮಿಷದಲ್ಲಿ ತಲೆ ಎತ್ತಿದ, ಪೌಚ್ ತಿಂದ, ಆಮೇಲೆ ನನ್ನಲ್ಲಿಗೆ ಕರೆತಂದರು.

ಒಮ್ಮೆ ಚೇತರಿಸಿದ ಮಾತ್ರಕ್ಕೆ ಮನೆಯಲ್ಲೇ ಬಿಡುವಂತಿರಲಿಲ್ಲ. ಜೇನುತುಪ್ಪದ ಪ್ರಭಾವ ಸ್ವಲ್ಪ ಹೊತ್ತು, ಗ್ಲಾರ್ಜಿನ್‌ದು ಹನ್ನೆರಡು ಗಂಟೆಗೂ ಮೇಲೆ. ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆಯ ದ್ರಾವಣ ಹನಿಸುತ್ತ, ಗಂಟೆಗೊಮ್ಮೆ ಸಕ್ಕರೆ ನೋಡುತ್ತ ಆ ರಾತ್ರಿ ಇರಿಸಿಕೊಂಡೆವು. ಸಂಜೆಯ ಸೂಜಿ ಬಿಟ್ಟೆವು. ಮರುದಿನ ಸಂಜೆ ಸಕ್ಕರೆ 210ಕ್ಕೆ ಏರಿದ ಮೇಲೆ ಅರ್ಧ ಯೂನಿಟ್‌ನಿಂದ ಪುನಃ ಆರಂಭಿಸಿದೆವು.

ಈಗ ಆ ಮನೆಯಲ್ಲಿ ಗುಂಡಣ್ಣನ ಬಾಟಲಿ, ಸಿರಿಂಜ್ ಎರಡೂ ಒಂದು ಸ್ಟೀಲ್ ಡಬ್ಬಿಯಲ್ಲಿವೆ. ಮುಚ್ಚಳದ ಮೇಲೆ "ಬೆಕ್ಕಿನದು, 100, ಕಿತ್ತಳೆ ಮಾತ್ರ" ಎಂದು ಬರೆದ ಚೀಟಿ. ಹಿರಿಯರ ಇನ್ಸುಲಿನ್ ಫ್ರಿಜ್‌ನ ಬೇರೆ ಅಂತಸ್ತಿನಲ್ಲಿದೆ. ಅರ್ಧ ಯೂನಿಟ್‌ನ ಗೆರೆ ಇರುವ 0.3 ಮಿಲಿಲೀಟರ್ ಸಿರಿಂಜ್‌ಗಳನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತಾರೆ, ಮುಗಿದ ದಿನ ಅಂಗಡಿಗೆ ಓಡುವುದಿಲ್ಲ. ಸೂಜಿ ಹಾಕಿದವರು ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ತಾರೀಕಿನ ಕೆಳಗೆ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯುತ್ತಾರೆ. ಅಕ್ಷರ ಇದ್ದರೆ ಇನ್ನೊಬ್ಬರು ಚುಚ್ಚುವಂತಿಲ್ಲ.

ಬಿಟ್ಟದ್ದು, ಮತ್ತೆ ಹಿಡಿದದ್ದು

ಅರ್ಧ ಯೂನಿಟ್‌ನಲ್ಲಿಯೂ ಜೂನ್, ಜುಲೈನಲ್ಲಿ ಸಕ್ಕರೆ 80ರಿಂದ 130ರ ನಡುವೆಯೇ ಇತ್ತು. ಮೊದಲು ದಿನಕ್ಕೆ ಒಂದೇ ಸೂಜಿಗೆ ಇಳಿಸಿ, ಶ್ರಾವಣ ಬರುವ ಹೊತ್ತಿಗೆ ಪೂರ್ತಿ ನಿಲ್ಲಿಸಿದೆವು. ಸೂಜಿಯಿಲ್ಲದೆ ನಾಲ್ಕು ವಾರ ಸಕ್ಕರೆ ಸಹಜವಾಗಿದ್ದರೆ ಕಾಯಿಲೆ ಹಿಮ್ಮೆಟ್ಟಿದೆ ಎನ್ನುತ್ತೇವೆ. ಗುಂಡಣ್ಣ ಆ ಗಡಿಯನ್ನು ಸಲೀಸಾಗಿ ದಾಟಿದ. ಬೆಕ್ಕುಗಳಲ್ಲಿ ಇದು ಅಪರೂಪವಲ್ಲ. ಕಾಯಿಲೆ ಪತ್ತೆಯಾದ ಮೊದಲ ಆರು ತಿಂಗಳೊಳಗೆ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಅವಕಾಶ ಹೆಚ್ಚು. ಹಿಮ್ಮಡಿ ಊರುವ ನಡಿಗೆಯೂ ತಿಂಗಳುಗಳ ಕಾಲ ನಿಧಾನವಾಗಿ ಸುಧಾರಿಸಿ, ಗಣೇಶನ ಹಬ್ಬದ ಹೊತ್ತಿಗೆ ಹಿತ್ತಿಲ ಕಟ್ಟೆಯನ್ನು ಒಂದೇ ನೆಗೆತಕ್ಕೆ ಹತ್ತತೊಡಗಿದ. ಅದನ್ನು ಹೇಳಲೆಂದೇ ಹಿರಿಯರು ನನಗೆ ಫೋನ್ ಮಾಡಿದ್ದರು.

ಇದು ಗುಣವಾಯಿತು ಎಂದಲ್ಲ ಎಂಬುದನ್ನು ಆಗಲೇ ಹೇಳಿದ್ದೆ. ಪೌಚ್‌ನ ಊಟ ಜೀವನಪರ್ಯಂತ, ವಾರಕ್ಕೊಮ್ಮೆ ಕಿವಿಯ ಹನಿ. ಅವರು ತಪ್ಪಿಸಲಿಲ್ಲ. ದೀಪಾವಳಿ ಕಳೆದು ಕೆಲವು ದಿನಗಳಿಗೆ ಆ ವಾರದ ಹನಿ 290 ತೋರಿಸಿತು. ಬಾಯಿ ತೆರೆಸಿದಾಗ ಕಾರಣ ಅಲ್ಲೇ ಇತ್ತು: ಎಡಗಡೆಯ ಮೇಲಿನ ದವಡೆಯ ಹಲ್ಲಿನ ಬುಡದಲ್ಲಿ ಕೀವು, ಕೆಂಪೇರಿದ ಒಸಡು. ಬಾಯಿಯ ಸೋಂಕು ಇನ್ಸುಲಿನ್‌ನ ಪ್ರಭಾವವನ್ನೇ ಕುಂದಿಸುತ್ತದೆ. ಒಂದು ಯೂನಿಟ್ ಸೂಜಿ ಮತ್ತೆ ಆರಂಭವಾಯಿತು. ಹಲ್ಲು ಕೀಳಲು ಅರಿವಳಿಕೆ ಬೇಕು. ಮಧುಮೇಹಿ ಬೆಕ್ಕಿಗೆ ಅರಿವಳಿಕೆ ಎಂದು ಮನೆಯವರು ಹೆದರಿದರು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳುಹಿಸಿದೆ. ಆ ಬೆಳಿಗ್ಗೆ ಉಪವಾಸ, ಅರ್ಧ ಪ್ರಮಾಣದ ಇನ್ಸುಲಿನ್, ಮೇಜಿನ ಮೇಲೆ ಅರ್ಧ ಗಂಟೆಗೊಮ್ಮೆ ಸಕ್ಕರೆ. ಎರಡು ಹಲ್ಲು ಕಿತ್ತರು. ಸಂಜೆ ಮೆತ್ತಗಿನ ಪೌಚ್ ತಿಂದ.

ಹಲ್ಲು ಹೋದ ಮೇಲೆ ಬೇಡಿಕೆ ಮತ್ತೆ ಇಳಿಯುತ್ತಿದೆ. ಇಂದಿಗೆ ತೂಕ 5.4 ಕಿಲೊ, ಪ್ರಮಾಣ ಅರ್ಧ ಯೂನಿಟ್, ಎರಡು ಹೊತ್ತು. ತಳದ ಸಕ್ಕರೆ 120ರ ಸುತ್ತ, ಸೂಜಿಗೆ ಮುಂಚಿನದು 220. ಇನ್ನು ನಿಲ್ಲಿಸಬಹುದೇ ಎಂದು ಮಗ ಕೇಳುತ್ತಿದ್ದಾರೆ. ಸೂಜಿಗೆ ಮುಂಚಿನ ಸಕ್ಕರೆ 180ಕ್ಕಿಂತ ಕೆಳಗೆ ಎರಡು ವಾರ ನಿಲ್ಲುವವರೆಗೆ ಬೇಡ ಎಂದಿದ್ದೇನೆ. ಮುಂದಿನ ತಿಂಗಳು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದಾರೆ. ಆ ಎರಡು ದಿನ ಸೂಜಿ ಹಾಕಲು ಪಿಯುಸಿ ಓದುತ್ತಿರುವ ಮೊಮ್ಮಗ ಮನೆಯಲ್ಲೇ ಉಳಿಯುತ್ತಾನೆ. ಹನ್ನೊಂದು ಗಂಟೆಯ ಅರ್ಧ ಪೌಚ್ ಮರೆಯದಂತೆ ಅಜ್ಜನಿಂದ ಅವನಿಗೆ ಫೋನ್ ಬರಲಿದೆ.